ಟೈಟರ್ ಬಿದ್ದಾಗ ಎಲ್ಲಿ ನೋಡಬೇಕು: ಎಂ13 ಫೇಜ್‌ನ ಹೊದಿಕೆ ಪ್ರೋಟೀನ್ ದೋಷಗಳನ್ನು ಹುಡುಕುವ ಬಗೆ

ಕಲ್ಚರ್ ಚೆನ್ನಾಗಿ ಬೆಳೆದಿದೆ. ಪಿಇಜಿ (ಫೇಜ್ ಕಣಗಳನ್ನು ದ್ರವದಿಂದ ಕೆಳಗಿಳಿಸುವ ಪಾಲಿಎಥಿಲೀನ್ ಗ್ಲೈಕಾಲ್) ಹಾಕಿ ತಿರುಗಿಸಿದಾಗ ಟ್ಯೂಬಿನ ಗೋಡೆಗೆ ಬೆಳ್ಳಗೆ ಪೆಲೆಟ್ ಕೂತಿದೆ. ಆದರೆ ಮರುದಿನ ಪ್ಲೇಟ್ ತೆಗೆದು ನೋಡಿದರೆ ಪ್ಲಾಕ್‌ಗಳು (ಬ್ಯಾಕ್ಟೀರಿಯಾದ ಹಾಸಿನ ಮೇಲೆ ಫೇಜ್ ಬೆಳೆದಲ್ಲಿ ಕಾಣುವ ಚುಕ್ಕೆಗಳು) ಬೆರಳೆಣಿಕೆಯಷ್ಟೇ. ಫೇಜ್ ಡಿಸ್‌ಪ್ಲೇ, ಅಂದರೆ ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ಸಾದ ಫೇಜ್‌ನ ಹೊದಿಕೆಗೆ ಬೇರೆ ಪೆಪ್ಟೈಡ್ ಅಂಟಿಸುವ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಹೀಗಾಗುತ್ತದೆ. ಆಗ ಮೊದಲು ಬರುವ ಮಾತು ಒಂದೇ: 'ನಾವು ಅಂಟಿಸಿದ ಪೆಪ್ಟೈಡ್ ಪಿ3 ಪ್ರೋಟೀನನ್ನು ಕೆಡಿಸಿದೆ.' ಅದು ನಿಜ ಇರಬಹುದು. ಆದರೆ ಪ್ಲೇಟ್ ಒಂದನ್ನೇ ನೋಡಿ ಹಾಗೆ ಹೇಳಲು ಬರುವುದಿಲ್ಲ.

ಏಕೆಂದರೆ ಪ್ಲಾಕ್ ಕಡಿಮೆ ಆಗಲು ಎರಡು ಬೇರೆ ಬೇರೆ ದಾರಿಗಳಿವೆ. ಕಣಗಳೇ ಹುಟ್ಟದೆ ಇರಬಹುದು. ಇಲ್ಲವೇ ಕಣಗಳು ಬೇಕಾದಷ್ಟು ಹುಟ್ಟಿ, ಅವು ಬ್ಯಾಕ್ಟೀರಿಯಾದ ಒಳಗೆ ಹೋಗಲಾರದೆ ಇರಬಹುದು. ಪ್ಲೇಟಿನ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಪರಿಹಾರ ಮಾತ್ರ ಪೂರ್ತಿ ಬೇರೆ. ಹಾಗಾಗಿ ಈ ಬರಹದುದ್ದಕ್ಕೂ ನಾನು ಒತ್ತಿ ಹೇಳುವುದು ಇದನ್ನೇ: ಕಣಗಳ ಲೆಕ್ಕ ಬೇರೆ ಮಾಡಿ, ಸೋಂಕು ತಗಲಿಸುವ ಕಣಗಳ ಲೆಕ್ಕ (ಇದೇ ಟೈಟರ್) ಬೇರೆ ಮಾಡಿ. ಆಮೇಲೆ ಯಾವ ಪ್ರೋಟೀನಿನ ಮೇಲೆ ಬೇಕಾದರೂ ಅನುಮಾನ ಪಡಿ.

ಯಾವ ಪ್ರೋಟೀನ್ ಏನು ಮಾಡುತ್ತದೆ

ದೋಷ ಹುಡುಕಲು ಬೇಕಾದಷ್ಟು ಮಾತ್ರ ಹೇಳುತ್ತೇನೆ. ಎಂ13 ನೂಲಿನಂತಿರುವ ಫೇಜ್. ಉದ್ದ ಸುಮಾರು 900 ನ್ಯಾನೋಮೀಟರ್, ದಪ್ಪ 6-7 ನ್ಯಾನೋಮೀಟರ್. ಒಳಗೆ 6407 ಬೇಸ್‌ಗಳ ಒಂದೆಳೆ ಡಿಎನ್‌ಎ ಉಂಗುರ ಇದೆ. ಮೈತುಂಬಾ ಇರುವುದು ಪಿ8. ಒಂದು ಕಣಕ್ಕೆ ಸುಮಾರು 2700 ಪ್ರತಿ, ಒಂದೊಂದರಲ್ಲೂ ಬರೀ 50 ಅಮೈನೋ ಆಮ್ಲ. ಒಂದು ತುದಿಯಲ್ಲಿ ಪಿ7 ಮತ್ತು ಪಿ9, ಇನ್ನೊಂದು ತುದಿಯಲ್ಲಿ ಪಿ3 ಮತ್ತು ಪಿ6. ತುದಿಯ ಪ್ರೋಟೀನ್‌ಗಳು ತಲಾ ಐದರಷ್ಟೇ ಇರುತ್ತವೆ.

ಈ ಫೇಜ್ ಬ್ಯಾಕ್ಟೀರಿಯಾವನ್ನು ಒಡೆದು ಹೊರಬರುವುದಿಲ್ಲ. ಒಳಪೊರೆ, ಹೊರಪೊರೆ ಎರಡನ್ನೂ ದಾಟುತ್ತಾ, ದಾಟುವಾಗಲೇ ಹೊದಿಕೆ ಹಾಕಿಕೊಳ್ಳುತ್ತದೆ. ಜೀವಕೋಶದೊಳಗೆ ಡಿಎನ್‌ಎಗೆ ಅಂಟಿಕೊಂಡಿದ್ದ ಪಿ5 ಕಳಚುತ್ತಾ ಹೋಗುತ್ತದೆ, ಆ ಜಾಗಕ್ಕೆ ಒಳಪೊರೆಯಲ್ಲಿ ಕಾದಿದ್ದ ಪಿ8 ಬಂದು ಕೂರುತ್ತದೆ. ಪಿ7-ಪಿ9 ಇರುವ ತುದಿ ಮೊದಲು ಹೊರಬರುತ್ತದೆ. ಡಿಎನ್‌ಎ ಮುಗಿದಾಗ ಪಿ6 ಮತ್ತು ಪಿ3 ಬಂದು ಬಾಲವನ್ನು ಮುಚ್ಚುತ್ತವೆ, ಕಣ ಬಿಡುಗಡೆಯಾಗುತ್ತದೆ. ಮುಂದೆ ಸೋಂಕು ತಗಲಿಸುವಾಗ ಅದೇ ಪಿ3 ತುದಿ ಮುಂದಾಗಿ ಹೋಗುತ್ತದೆ.

ಇಲ್ಲಿ ಗಮನಿಸಬೇಕಾದ್ದು ಪಿ3ರ ಎರಡು ಕೆಲಸಗಳನ್ನು. ಅದರಲ್ಲಿ ಮೂರು ಭಾಗಗಳಿವೆ, ನಡುವೆ ಗ್ಲೈಸಿನ್ ಜಾಸ್ತಿ ಇರುವ ಮೆತ್ತನೆಯ ಕೊಂಡಿಗಳು. ಎನ್2 ಭಾಗ ಇ. ಕೋಲಿ ಬ್ಯಾಕ್ಟೀರಿಯಾದ ಮೈಮೇಲಿರುವ ಕೂದಲಿನಂಥ ಎಫ್ ಪಿಲಸ್‌ನ ತುದಿಯನ್ನು ಹಿಡಿಯುತ್ತದೆ. ಪಿಲಸ್ ಒಳಗೆ ಎಳೆದುಕೊಂಡಾಗ ಎನ್1 ಭಾಗ ಬ್ಯಾಕ್ಟೀರಿಯಾದ ಟಾಲ್‌ಎ ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಇವೆರಡೂ ಸೋಂಕಿನ ಕೆಲಸ. ಕೊನೆಯ ಸಿ-ಭಾಗದ ಕೆಲಸ ಬೇರೆ. ಕಣವನ್ನು ಮುಚ್ಚಿ ಪೊರೆಯಿಂದ ಬಿಡಿಸುವುದು ಅದು. ಹಾಗಾಗಿ 'ಪಿ3 ಕೆಟ್ಟಿದೆ' ಎಂದರೆ ಸಾಲದು. ಎನ್1-ಎನ್2 ಕೆಟ್ಟರೆ ಕಣಗಳು ಹುಟ್ಟುತ್ತವೆ, ಸೋಂಕು ತಗಲುವುದಿಲ್ಲ. ಸಿ-ಭಾಗ ಕೆಟ್ಟರೆ ಕಣಗಳು ಕೋಶದ ಮೈಗೆ ಅಂಟಿಕೊಂಡೇ ಉಳಿಯುತ್ತವೆ. ಒಂದೇ ಪ್ರೋಟೀನ್, ಎರಡು ದೋಷ.

ಮೊದಲ ಹೆಜ್ಜೆ: ಎರಡು ಲೆಕ್ಕ

ಪಿಇಜಿಯಿಂದ ಶುದ್ಧ ಮಾಡಿದ ಫೇಜನ್ನು ತೆಗೆದುಕೊಳ್ಳಿ. ಕಲ್ಚರಿನ ಸೂಪರ್‌ನೇಟಂಟನ್ನು (ಕೋಶಗಳನ್ನು ತಿರುಗಿಸಿ ಇಳಿಸಿದಾಗ ಮೇಲೆ ಉಳಿಯುವ ದ್ರವವನ್ನು) ನೇರವಾಗಿ ಅಳೆಯಬೇಡಿ, ಅದರಲ್ಲಿರುವ ಮೀಡಿಯಂ ಲೆಕ್ಕ ಕೆಡಿಸುತ್ತದೆ. ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 269 ಮತ್ತು 320 ನ್ಯಾನೋಮೀಟರ್ ಎರಡರಲ್ಲೂ ಓದಿ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಬಂದದ್ದನ್ನು 6×10¹⁶ರಿಂದ ಗುಣಿಸಿ, ಫೇಜ್ ಡಿಎನ್‌ಎಯ ಬೇಸ್‌ಗಳ ಸಂಖ್ಯೆಯಿಂದ ಭಾಗಿಸಿ. ಮಿಲಿಲೀಟರಿಗೆ ಎಷ್ಟು ಕಣ ಎಂಬುದು ಸಿಗುತ್ತದೆ. ಸುಮಾರು 4500 ಬೇಸ್‌ಗಳ ಫೇಜ್‌ಮಿಡ್ (ನಿಮ್ಮ ಜೀನ್ ಮತ್ತು ಪಿ3 ಜೀನ್ ಹೊತ್ತ ಪ್ಲಾಸ್ಮಿಡ್; ಉಳಿದ ಪ್ರೋಟೀನ್‌ಗಳನ್ನು ಹೆಲ್ಪರ್ ಎಂಬ ಇನ್ನೊಂದು ಫೇಜ್ ಕೊಡುತ್ತದೆ) ಆದರೆ, ವ್ಯತ್ಯಾಸ 0.40 ಬಂದಾಗ ಲೆಕ್ಕ 5×10¹²ರ ಆಸುಪಾಸು ಬರುತ್ತದೆ. ಅಳೆಯುವ ಮುಂಚೆ ನೀರು ಕೂಡಿಸಿದ್ದರೆ ಅದನ್ನೂ ಗುಣಿಸಿಕೊಳ್ಳಿ.

ಒಂದು ಎಚ್ಚರಿಕೆ. 240ರಿಂದ 320ರವರೆಗೆ ಪೂರ್ತಿ ಸ್ಕ್ಯಾನ್ ಮಾಡಿ, ಗೆರೆಯ ಆಕಾರ ನೋಡಿ. ಒಳ್ಳೆಯ ಫೇಜ್ ಮಾದರಿಯಲ್ಲಿ 260ರಿಂದ 280ರವರೆಗೆ ಅಗಲವಾದ, ಚಪ್ಪಟೆ ಗುಡ್ಡದ ಹಾಗೆ ಇರುತ್ತದೆ. ಚೂಪಾದ ಶಿಖರ 260ರಲ್ಲಿ ಕಂಡರೆ ಅದು ಒಡೆದ ಬ್ಯಾಕ್ಟೀರಿಯಾದ ಡಿಎನ್‌ಎ, ಆರ್‌ಎನ್‌ಎ. ಆ ಅಂಕಿಯನ್ನು ನಂಬಬೇಡಿ, ಇನ್ನೊಮ್ಮೆ ಪಿಇಜಿ ಹಾಕಿ.

ಈಗ ಅದೇ ಟ್ಯೂಬಿನಿಂದ, ಅದೇ ದಿನ, ಟೈಟರ್ ಮಾಡಿ. ಫೇಜ್ ಆದರೆ ಪ್ಲಾಕ್ ಎಣಿಸಿ, ಫೇಜ್‌ಮಿಡ್ ಆದರೆ ಆಂಟಿಬಯಾಟಿಕ್ ಪ್ಲೇಟಿನ ಮೇಲೆ ಕಾಲನಿ ಎಣಿಸಿ. ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆಯಿರಿ. ಜೊತೆಗೆ ಏನೂ ಅಂಟಿಸದ ಫೇಜನ್ನು (ಇದೇ ಕಂಟ್ರೋಲ್) ಇದೇ ರೀತಿ ತಯಾರಿಸಿ, ಅದರ ಎರಡು ಅಂಕಿಗಳನ್ನೂ ಬರೆಯಿರಿ. ಈ ನಾಲ್ಕು ಅಂಕಿಗಳಿಲ್ಲದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಕಣಗಳೂ ಕಡಿಮೆ, ಟೈಟರೂ ಕಡಿಮೆ, ಆದರೆ ಅವೆರಡರ ಅನುಪಾತ ಕಂಟ್ರೋಲ್‌ನಂತೆಯೇ ಇದೆ ಎಂದಾದರೆ ದೋಷ ಜೋಡಣೆಯಲ್ಲಿದೆ. ಕಣಗಳು ಕಂಟ್ರೋಲ್‌ನಷ್ಟೇ ಇದ್ದು ಟೈಟರ್ ಮಾತ್ರ ನೂರು ಪಟ್ಟು, ಸಾವಿರ ಪಟ್ಟು ಬಿದ್ದಿದ್ದರೆ ದೋಷ ಸೋಂಕಿನಲ್ಲಿದೆ. ಇನ್ನೊಂದು ಸಾಧ್ಯತೆಯೂ ಇದೆ. ಕಂಟ್ರೋಲ್ ಫೇಜಿನ ಟೈಟರೂ ಬಿದ್ದಿದ್ದರೆ, ನಿಮ್ಮ ಪೆಪ್ಟೈಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಜೀವಕೋಶಗಳನ್ನು ನೋಡಿ.

ಸೋಂಕು ತಗಲುತ್ತಿಲ್ಲ: ಮೊದಲು ಬ್ಯಾಕ್ಟೀರಿಯಾ, ಆಮೇಲೆ ಪಿ3

ಈ ಸಾಲನ್ನು ನಾನು ಅನುಭವದಿಂದ ಬರೆಯುತ್ತಿದ್ದೇನೆ. ಒಮ್ಮೆ ಪಿ3ಗೆ ಅಂಟಿಸಿದ ಒಂದು ಚಿಕ್ಕ ಪ್ರೋಟೀನ್ ಸೋಂಕನ್ನು ತಡೆಯುತ್ತಿದೆ ಎಂದು ನಂಬಿ ಎರಡು ವಾರ ಹೊಸ ಕೊಂಡಿಗಳನ್ನು ವಿನ್ಯಾಸ ಮಾಡಿದೆ. ಉದ್ದದ ಕೊಂಡಿ, ಗಿಡ್ಡದ ಕೊಂಡಿ, ಎಲ್ಲಾ ಹಾಕಿ ನೋಡಿದೆ. ಕೊನೆಗೆ ಟೈಟರಿಗೆ ಬಳಸುತ್ತಿದ್ದ ಟಿಜಿ1 ಎಂಬ ಇ. ಕೋಲಿ ತಳಿಯ ಕೋಶಗಳಲ್ಲೇ ಎಫ್ ಪ್ಲಾಸ್ಮಿಡ್ (ಪಿಲಸ್ ಕಟ್ಟುವ ಜೀನ್‌ಗಳಿರುವ ಡಿಎನ್‌ಎ ಉಂಗುರ) ಇರಲಿಲ್ಲ ಎಂದು ತಿಳಿಯಿತು. ಯಾರೋ ಆ ಸ್ಟಾಕನ್ನು ಸಾಮಾನ್ಯ ಎಲ್‌ಬಿ ಪ್ಲೇಟಿನ ಮೇಲೆ ಮತ್ತೆ ಮತ್ತೆ ಬೆಳೆಸಿದ್ದರು. ಎಫ್ ಇಲ್ಲದಿದ್ದರೆ ಪಿಲಸ್ ಇಲ್ಲ. ಪಿಲಸ್ ಇಲ್ಲದಿದ್ದರೆ ಪಿ3 ಎಷ್ಟೇ ಚೆನ್ನಾಗಿದ್ದರೂ ಹಿಡಿಯಲು ಏನೂ ಸಿಗುವುದಿಲ್ಲ.

ಆದ್ದರಿಂದ ಈ ಪರೀಕ್ಷೆಯನ್ನು ಬಿಡಬೇಡಿ: ಅನುಮಾನದ ಫೇಜ್, ಗೊತ್ತಿರುವ ಫೇಜ್, ಹಳೆಯ ಕೋಶಗಳು, ಹೊಸದಾಗಿ ತೆಗೆದ ಕೋಶಗಳು. ನಾಲ್ಕೂ ಜೋಡಿಗಳನ್ನು ಒಂದೇ ದಿನ ಮಾಡಿ. ಅರ್ಧ ದಿನದ ಕೆಲಸ, ಎರಡು ವಾರ ಉಳಿಯುತ್ತದೆ.

ಎಫ್ ಉಳಿಸಿಕೊಳ್ಳುವುದು ಸುಲಭ. ಟಿಜಿ1, ಜೆಎಂ109ರಂಥ ತಳಿಗಳಲ್ಲಿ ಪ್ರೋಲಿನ್ ತಯಾರಿಸುವ ಜೀನ್‌ಗಳು ಎಫ್ ಪ್ಲಾಸ್ಮಿಡ್ ಮೇಲೇ ಇವೆ. ಪ್ರೋಲಿನ್ ಇಲ್ಲದ ಮಿನಿಮಲ್ ಪ್ಲೇಟಿನ ಮೇಲೆ ಬೆಳೆಸಿದರೆ ಎಫ್ ಕಳೆದುಕೊಂಡ ಕೋಶ ಬದುಕುವುದಿಲ್ಲ. ಈ ತಳಿಗಳು ಥಯಮಿನ್ ಕೇಳುತ್ತವೆ, ಅದನ್ನು ಸೇರಿಸಲು ಮರೆಯಬೇಡಿ. ಎಕ್ಸ್‌ಎಲ್1-ಬ್ಲೂ ಆದರೆ ಟೆಟ್ರಾಸೈಕ್ಲಿನ್ ಪ್ಲೇಟ್ ಸಾಕು.

ಎಫ್ ಇದ್ದರೂ ಪಿಲಸ್ ಇರಲೇಬೇಕೆಂದಿಲ್ಲ. ಕೋಶಗಳು ವೇಗವಾಗಿ ಬೆಳೆಯುತ್ತಿರುವಾಗ, ಅಂದರೆ ಓಡಿ (ಕಲ್ಚರ್ ಎಷ್ಟು ಮಬ್ಬಾಗಿದೆ ಎಂಬ ಅಳತೆ) 0.4ರಿಂದ 0.6 ಇರುವಾಗ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಲಸ್ ಚೆನ್ನಾಗಿರುತ್ತದೆ. ರಾತ್ರಿಯಿಡೀ ಬೆಳೆದು ನಿಂತ ಕಲ್ಚರಿನಲ್ಲಿ, ಐಸ್ ಮೇಲೆ ಇಟ್ಟ ಕೋಶಗಳಲ್ಲಿ ಅದು ಕಡಿಮೆಯಾಗುತ್ತದೆ. ಫೇಜ್ ಬೆರೆಸಿದ ಮೇಲೆ 37 ಡಿಗ್ರಿಯಲ್ಲಿ ಅರ್ಧ ಗಂಟೆ ಸುಮ್ನೆ ಇಡಿ. ಜೋರಾಗಿ ಅಲ್ಲಾಡಿಸಿದರೆ ಪಿಲಸ್ ಮುರಿಯುತ್ತದೆ.

ಫೇಜ್‌ಮಿಡ್ ಬಳಸುವವರಿಗೆ ಇನ್ನೊಂದು ಬಲೆ ಇದೆ. ನನ್ನ ಅನಿಸಿಕೆಯಲ್ಲಿ ಜಾಸ್ತಿ ಜನ ಬೀಳುವುದು ಇಲ್ಲೇ. ಪಿ3ರ ಮುಂದಿನ ಭಾಗ ಕೋಶದ ಪೊರೆಯಲ್ಲಿ ಮೊದಲೇ ಇದ್ದರೆ, ಆ ಕೋಶ ಇನ್ನೊಂದು ಫೇಜಿಗೆ ಬಾಗಿಲು ಹಾಕಿಕೊಳ್ಳುತ್ತದೆ. ಫೇಜ್ ತನ್ನ ಮನೆಗೆ ಬೇರೆಯವರು ಬರದಂತೆ ಮಾಡಿಕೊಂಡಿರುವ ಏರ್ಪಾಡು ಇದು. ಫೇಜ್‌ಮಿಡ್‌ನಲ್ಲಿರುವ ಲ್ಯಾಕ್ ಪ್ರಮೋಟರ್ (ಜೀನನ್ನು ಚಾಲೂ ಮಾಡುವ ಸ್ವಿಚ್) ಸ್ವಲ್ಪ ಸೋರಿದರೂ ಪಿ3 ತಯಾರಾಗುತ್ತದೆ. ಆಮೇಲೆ ಹೆಲ್ಪರ್ ಫೇಜ್ ಹಾಕಿದರೆ ಅದು ಒಳಗೆ ಹೋಗುವುದಿಲ್ಲ. ಹೆಲ್ಪರ್ ಇಲ್ಲದೆ ಬೇರೆ ಯಾವ ಹೊದಿಕೆ ಪ್ರೋಟೀನೂ ಇಲ್ಲ, ಕಣವೂ ಇಲ್ಲ. ನೋಡಿ, ಇಲ್ಲಿ ಸೋಂಕಿನ ದೋಷವೇ ಜೋಡಣೆಯ ದೋಷದ ವೇಷ ಹಾಕಿ ಬರುತ್ತದೆ.

ಇದನ್ನು ಹಿಡಿಯುವುದು ಹೀಗೆ. ಹೆಲ್ಪರ್ ಹಾಕಿ ಅರ್ಧ ಗಂಟೆ ಬಿಟ್ಟು ಕೋಶಗಳನ್ನು ಆಂಪಿಸಿಲಿನ್ ಮಾತ್ರ ಇರುವ ಪ್ಲೇಟಿನ ಮೇಲೂ, ಆಂಪಿಸಿಲಿನ್ ಜೊತೆ ಕನಮೈಸಿನ್ ಇರುವ ಪ್ಲೇಟಿನ ಮೇಲೂ ಹರಡಿ. ಎಂ13ಕೆಓ7 ಹೆಲ್ಪರ್ ಕನಮೈಸಿನ್ ತಡೆಯುವ ಜೀನ್ ತರುತ್ತದೆ. ಎರಡೂ ಪ್ಲೇಟಿನಲ್ಲಿ ಕಾಲನಿಗಳು ಹೆಚ್ಚುಕಡಿಮೆ ಒಂದೇ ಇದ್ದರೆ ಹೆಲ್ಪರ್ ಒಳಗೆ ಹೋಗಿದೆ. ಎರಡನೇ ಪ್ಲೇಟ್ ಬರಿದಾಗಿದ್ದರೆ ಬಾಗಿಲು ಮುಚ್ಚಿದೆ. ಪರಿಹಾರ: ಹೆಲ್ಪರ್ ಹಾಕುವವರೆಗೆ ಕಲ್ಚರಿನಲ್ಲಿ 1-2 ಪ್ರತಿಶತ ಗ್ಲೂಕೋಸ್ ಇರಲಿ, ಅದು ಲ್ಯಾಕ್ ಪ್ರಮೋಟರನ್ನು ಅದುಮಿಡುತ್ತದೆ. ಸೋಂಕು ತಗಲಿದ ಮೇಲೆ ಕೋಶಗಳನ್ನು ತಿರುಗಿಸಿ, ಗ್ಲೂಕೋಸ್ ಇಲ್ಲದ ಮೀಡಿಯಂಗೆ ಹಾಕಿ.

ಕೋಶಗಳು ಸರಿಯಿವೆ, ಗೊತ್ತಿರುವ ಫೇಜ್ ಚೆನ್ನಾಗಿ ತಗಲುತ್ತದೆ, ನಿಮ್ಮದು ಮಾತ್ರ ತಗಲುವುದಿಲ್ಲ. ಈಗ ಪಿ3ರ ಮೇಲೆ ಅನುಮಾನ ಪಡುವ ಹಕ್ಕು ನಿಮಗಿದೆ. ಶುದ್ಧ ಫೇಜನ್ನು ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ ಎಸ್‌ಡಿಎಸ್ ಜೆಲ್ ಮೇಲೆ ಓಡಿಸಿ, ಪಿ3ರ ಸಿ-ಭಾಗವನ್ನು ಗುರುತಿಸುವ ಆಂಟಿಬಾಡಿಯಿಂದ ವೆಸ್ಟರ್ನ್ ಬ್ಲಾಟ್ ಮಾಡಿ. ಪ್ರತಿ ಗುಂಡಿಗೂ ಒಂದೇ ಸಂಖ್ಯೆಯ ಕಣಗಳನ್ನು ಹಾಕಿ, ಒಂದೇ ಗಾತ್ರದ ದ್ರವವನ್ನಲ್ಲ. ಪಿ3ರ ನಿಜವಾದ ತೂಕ ಸುಮಾರು 42 ಕಿಲೋಡಾಲ್ಟನ್. ಆದರೆ ಜೆಲ್‌ನಲ್ಲಿ ಅದು 60ರ ಮೇಲೆ ಕಾಣಿಸುತ್ತದೆ. ಅದನ್ನು ನೋಡಿ ಗಾಬರಿ ಬೇಡ, ಪಿ3 ಯಾವಾಗಲೂ ಹಾಗೇ ಓಡುತ್ತದೆ.

ದೊಡ್ಡ ಪಟ್ಟಿ ಮಸುಕಾಗಿ, ಕೆಳಗೆ ಚಿಕ್ಕ ಪಟ್ಟಿ ಗಾಢವಾಗಿದ್ದರೆ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಕೊಂಡಿಯಲ್ಲಿ ಕತ್ತರಿಸಿದೆ. ಎನ್1-ಎನ್2 ಉದುರಿಹೋಗಿ, ಸಿ-ಭಾಗ ಮಾತ್ರ ಕಣದ ಮೇಲೆ ಉಳಿದಿದೆ. ಇಂಥ ಕಣ ಲೆಕ್ಕಕ್ಕೆ ಸಿಗುತ್ತದೆ, ಸೋಂಕಿಗೆ ಸಿಗುವುದಿಲ್ಲ. ಕಲ್ಚರನ್ನು 30 ಡಿಗ್ರಿಯಲ್ಲಿ ಬೆಳೆಸಿ, ಬೇಗ ಕೊಯ್ಲು ಮಾಡಿ, ಎರಡು ಸಲ ಪಿಇಜಿ ಹಾಕಿ. ಪೂರ್ತಿ ಪಟ್ಟಿ ಚೆನ್ನಾಗಿದ್ದೂ ಸೋಂಕಿಲ್ಲ ಎಂದಾದರೆ, ಅಂಟಿಸಿದ ವಸ್ತುವೇ ಎನ್2ಗೆ ಅಡ್ಡ ನಿಂತಿದೆ. ಜೊತೆ ಇಲ್ಲದ ಒಂಟಿ ಸಿಸ್ಟೀನ್ ಇದೆಯೇ ನೋಡಿ. ಪಿ3ರಲ್ಲಿ ತನ್ನದೇ ಡೈಸಲ್ಫೈಡ್ ಜೋಡಿಗಳಿವೆ, ಹೊರಗಿನ ಸಿಸ್ಟೀನ್ ಬಂದು ಅವನ್ನು ಕಲಸಿಬಿಡಬಹುದು. ಐದೂ ಪಿ3ಗಳಿಗೆ ಅಂಟಿಸುವ ವೆಕ್ಟರ್ ಬಿಟ್ಟು, ಹೆಲ್ಪರಿನ ಮಾಮೂಲಿ ಪಿ3 ಕೂಡ ಬೆರೆಯುವ ಫೇಜ್‌ಮಿಡ್‌ಗೆ ಬದಲಾಯಿಸಿ. ಒಂದೆರಡು ಒಳ್ಳೆಯ ಪಿ3 ಇದ್ದರೆ ಕಣ ಒಳಗೆ ಹೋಗುತ್ತದೆ.

ಅಂದಹಾಗೆ, ಹೆಲ್ಪರ್ ಯಾವುದು ಎಂದು ಕೂಡ ಕೇಳಿಕೊಳ್ಳಿ. ಕೆಲವು ಹೆಲ್ಪರ್‌ಗಳಲ್ಲಿ ಪಿ3 ಜೀನೇ ಇರುವುದಿಲ್ಲ. ಕೆಎಂ13ರಲ್ಲಿ ಎನ್2 ಮತ್ತು ಸಿ-ಭಾಗದ ನಡುವೆ ಟ್ರಿಪ್ಸಿನ್ ಕತ್ತರಿಸುವ ಜಾಗವನ್ನು ಬೇಕೆಂದೇ ಇಟ್ಟಿದ್ದಾರೆ. ಟ್ರಿಪ್ಸಿನ್ ಹಾಕಿದಾಗ, ಏನನ್ನೂ ಹೊತ್ತಿರದ ಕಣಗಳು ಸೋಂಕಿನ ಶಕ್ತಿ ಕಳೆದುಕೊಳ್ಳಲಿ ಎಂಬುದು ಅದರ ಉದ್ದೇಶ. ಆ ಫೇಜಿಗೆ ಟ್ರಿಪ್ಸಿನ್ ತಗಲಿದ ಮೇಲೆ ಟೈಟರ್ ಬಿದ್ದರೆ ಅದು ದೋಷವಲ್ಲ.

ಕಣಗಳೇ ಹುಟ್ಟುತ್ತಿಲ್ಲ

ಇಲ್ಲಿ ಮೊದಲು ನೋಡಬೇಕಾದ್ದು ಪಿ8. ಸಾವಿರಾರು ಪ್ರತಿಗಳು ಒತ್ತೊತ್ತಾಗಿ ಕೂರಬೇಕು, ಕೂತ ಮೇಲೆ ಹೊರಪೊರೆಯಲ್ಲಿರುವ ಪಿ4ರ ಕಿರಿದಾದ ರಂಧ್ರದಿಂದ ನುಸುಳಬೇಕು. ಎಲ್ಲಾ ಪಿ8ಗಳಿಗೂ ಆರೆಂಟು ಅಮೈನೋ ಆಮ್ಲಗಳಿಗಿಂತ ಉದ್ದದ ಪೆಪ್ಟೈಡ್ ಅಂಟಿಸಿದರೆ ಜೋಡಣೆ ಸಾಮಾನ್ಯವಾಗಿ ನಿಂತುಹೋಗುತ್ತದೆ. ಅದನ್ನು ಬಫರ್ ಬದಲಿಸಿ ಸರಿಮಾಡಲು ಆಗುವುದಿಲ್ಲ. ಮಾಮೂಲಿ ಪಿ8 ಜೀನ್ ಕೂಡ ಇರುವ ವ್ಯವಸ್ಥೆಗೆ ಹೋಗಿ. ಆಗ ಮೈಯಲ್ಲಿ ಅಲ್ಲೊಂದು ಇಲ್ಲೊಂದು ಮಾತ್ರ ಉದ್ದದ ಪಿ8 ಕೂರುತ್ತದೆ, ಉಳಿದದ್ದು ಮಾಮೂಲಿ.

ಪಿ8ರ ಇನ್ನೊಂದು ತುದಿಯನ್ನೂ ಮರೆಯಬೇಡಿ. ಒಳಮುಖವಾಗಿರುವ ಆ ತುದಿಯಲ್ಲಿ ನಾಲ್ಕು ಲೈಸಿನ್‌ಗಳಿವೆ. ಅವುಗಳ ಧನ ಆವೇಶ ಡಿಎನ್‌ಎಯ ಋಣ ಆವೇಶವನ್ನು ಸರಿದೂಗಿಸುತ್ತದೆ. ಎಂ13ರ ಹತ್ತಿರದ ನೆಂಟ ಎಫ್‌ಡಿ ಫೇಜ್‌ನಲ್ಲಿ 48ನೇ ಲೈಸಿನ್ ತೆಗೆದು ಗ್ಲುಟಮೀನ್ ಹಾಕಿದಾಗ ಕಣವೇ ಸುಮಾರು 35 ಪ್ರತಿಶತ ಉದ್ದವಾಯಿತು. ಒಂದೊಂದು ಪಿ8ರ ಆವೇಶ ಕಡಿಮೆಯಾದ್ದರಿಂದ, ಅದೇ ಡಿಎನ್‌ಎ ಮುಚ್ಚಲು ಜಾಸ್ತಿ ಪಿ8 ಬೇಕಾಯಿತು. ನನಗೆ ಈ ಪ್ರಯೋಗ ತುಂಬಾ ಇಷ್ಟ. ಒಂದು ಅಮೈನೋ ಆಮ್ಲದ ಬದಲಾವಣೆ ಇಡೀ ಕಣದ ಉದ್ದದಲ್ಲಿ ಕಾಣುತ್ತದೆ ಎಂದರೆ ಸಣ್ಣ ಮಾತಲ್ಲ, ಅಲ್ವಾ? ನಿಮ್ಮ ಪಿ8ರಲ್ಲಿ ತಿಳಿಯದೆ ಒಂದು ಬದಲಾವಣೆ ಸೇರಿಕೊಂಡಿರಬಹುದು. ಪೂರ್ತಿ ಜೀನ್ ಸೀಕ್ವೆನ್ಸ್ ಮಾಡಿಸಿ, ಅಂಟಿಸಿದ ಜಾಗ ಮಾತ್ರವಲ್ಲ.

ಪಿ8 ಸರಿಯಿದ್ದರೆ ಪಿ3ರ ಸಿ-ಭಾಗ ನೋಡಿ. ಕಣ ಕೋಶದಿಂದ ಬಿಡಿಸಿಕೊಳ್ಳದಿದ್ದಾಗ ಮುಂದಿನ ಡಿಎನ್‌ಎ ಅದೇ ಸಾಲಿಗೆ ಸೇರಿಕೊಂಡು ಕಣ ಎರಡು, ಮೂರು ಪಟ್ಟು ಉದ್ದವಾಗುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ಫೇಜನ್ನು ಒಡೆಯದೆ ಹಾಗೆಯೇ ಅಗರೋಸ್ ಜೆಲ್ ಮೇಲೆ ನಿಧಾನವಾಗಿ ಓಡಿಸಿ. ಆಮೇಲೆ ಜೆಲ್ಲನ್ನು 0.2 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಒಂದು ಗಂಟೆ ನೆನೆಸಿ. ಹೊದಿಕೆ ಕಳಚುತ್ತದೆ. ಟ್ರಿಸ್ ಬಫರಿನಲ್ಲಿ ತಟಸ್ಥ ಮಾಡಿ, ಡಿಎನ್‌ಎ ಬಣ್ಣ ಹಾಕಿ. ಮಾಮೂಲಿ ಪಟ್ಟಿಯ ಮೇಲೆ ಇನ್ನೂ ನಿಧಾನದ ಪಟ್ಟಿಗಳು ಕಂಡರೆ ಅವು ಉದ್ದದ ಕಣಗಳು. ಕೋಶದ ಪೆಲೆಟ್ಟನ್ನೂ ಎಸೆಯದೆ ಪರೀಕ್ಷಿಸಿ. ಸೂಪರ್‌ನೇಟಂಟಿನಲ್ಲಿ ಇಲ್ಲದ ಫೇಜ್ ಪೆಲೆಟ್ಟಿನಲ್ಲಿ ಅಂಟಿಕೊಂಡು ಕೂತಿರುತ್ತದೆ.

ಫೇಜ್‌ಮಿಡ್‌ನಲ್ಲಿ ಮಾಮೂಲಿ ಪಿ3ಯನ್ನು ಹೆಲ್ಪರ್ ಕೊಡುವುದರಿಂದ ಕಣಗಳು ಹುಟ್ಟುತ್ತವೆ, ಆದರೆ ನಿಮ್ಮ ಪ್ರೋಟೀನ್ ಅವುಗಳ ಮೇಲೆ ಇರುವುದಿಲ್ಲ. ಇದೂ ಜೋಡಣೆಯ ದೋಷವೇ, ಟೈಟರಿನಲ್ಲಿ ಮಾತ್ರ ಕಾಣುವುದಿಲ್ಲ. ಕಾರಣಗಳಲ್ಲಿ ಮೊದಲನೆಯದು ತಳಿ. ಎಷ್ಟೋ ಫೇಜ್‌ಮಿಡ್‌ಗಳಲ್ಲಿ ನಿಮ್ಮ ಜೀನ್ ಮತ್ತು ಪಿ3 ನಡುವೆ ಟಿಎಜಿ ಎಂಬ ಸ್ಟಾಪ್ ಕೋಡಾನ್ ಇರುತ್ತದೆ. ಟಿಜಿ1, ಎಕ್ಸ್‌ಎಲ್1-ಬ್ಲೂ ಅದನ್ನು ಗ್ಲುಟಮೀನ್ ಎಂದು ಓದಿ ಮುಂದೆ ಹೋಗುತ್ತವೆ. ಎಚ್‌ಬಿ2151 ಅಲ್ಲೇ ನಿಲ್ಲುತ್ತದೆ. ಎರಡನೆಯದು, ಪ್ರೋಟೀನ್ ಒಳಪೊರೆ ದಾಟದೆ ಇರುವುದು. ಅರ್ಜಿನೀನ್ ಜಾಸ್ತಿ ಇರುವ ಪೆಪ್ಟೈಡ್‌ಗಳು ಪೊರೆ ದಾಟಿಸುವ ಸೆಕ್ ಎಂಬ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಬೇಗ ಮಡಚಿಕೊಳ್ಳುವ ಪ್ರೋಟೀನ್‌ಗಳದ್ದೂ ಇದೇ ಕಥೆ, ದಾಟುವ ಮೊದಲೇ ಗಟ್ಟಿಯಾಗಿಬಿಡುತ್ತವೆ. ಅವುಗಳಿಗೆ ಡಿಎಸ್‌ಬಿಎ ಸಿಗ್ನಲ್ ಹಾಕಿ ನೋಡಿ. ಅದು ಪ್ರೋಟೀನ್ ತಯಾರಾಗುತ್ತಿರುವಾಗಲೇ ಪೊರೆ ದಾಟಿಸುತ್ತದೆ.

ಬೇರೆ ಫೇಜ್‌ಗಳಲ್ಲಿ

ಎರಡು ಲೆಕ್ಕದ ಮಾತು ಎಂ13ಗೆ ಮಾತ್ರ ಸೇರಿದ್ದಲ್ಲ. ಆರ್‌ಎನ್‌ಎ ಫೇಜ್ ಎಂಎಸ್2ರಲ್ಲಿ 178 ಹೊದಿಕೆ ಪ್ರೋಟೀನ್‌ಗಳ ಜೊತೆ ಎ ಪ್ರೋಟೀನ್ ಒಂದೇ ಒಂದು ಇರುತ್ತದೆ. ಪಿಲಸ್ ಹಿಡಿಯುವುದು ಆ ಒಂದೇ. ಹೊದಿಕೆ ಪ್ರೋಟೀನನ್ನು ಮಾತ್ರ ಕೋಶದಲ್ಲಿ ತಯಾರಿಸಿದರೂ ಚೆಂದದ ಗುಂಡು ಕಣಗಳು ಕಟ್ಟಿಕೊಳ್ಳುತ್ತವೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನಿಜವಾದ ಫೇಜಿನಂತೆಯೇ ಕಾಣುತ್ತವೆ, ಸೋಂಕು ಮಾತ್ರ ಸೊನ್ನೆ. ಲ್ಯಾಮ್ಡಾ ಫೇಜ್‌ನಲ್ಲಿ ತಲೆಯ ಮೇಲೆ ಕೂರುವ ಡಿ ಪ್ರೋಟೀನ್ ಇಲ್ಲದಿದ್ದರೆ, ಡಿಎನ್‌ಎ ಸ್ವಲ್ಪ ಗಿಡ್ಡವಿದ್ದಾಗ ಕಣ ಉಳಿಯುತ್ತದೆ. ಆದರೆ ಬಫರಿನಲ್ಲಿ ಮೆಗ್ನೀಸಿಯಂ ಹಿಡಿದಿಡುವ ಇಡಿಟಿಎ ಇದ್ದರೆ ಒಡೆದುಹೋಗುತ್ತದೆ. ಹಾಗಾಗಿ ಲ್ಯಾಮ್ಡಾ ಟೈಟರ್ ಬಿದ್ದಾಗ ಮೊದಲು ಬಫರಿನಲ್ಲಿ ಮೆಗ್ನೀಸಿಯಂ ಇದೆಯೇ ಎಂದು ನೋಡಿ.

ಟೈಟರ್ ತಾನಾಗಿಯೇ ಸರಿಹೋದರೆ

ಏನೂ ಬದಲಿಸದೆ, ನಾಲ್ಕನೇ ಸಲ ಬೆಳೆಸಿದಾಗ ಟೈಟರ್ ಇದ್ದಕ್ಕಿದ್ದಂತೆ ಏರಿದರೆ ಖುಷಿಪಡುವ ಮುಂಚೆ ಪ್ಲಾಕ್‌ಗಳನ್ನು ಹತ್ತಿರದಿಂದ ನೋಡಿ. ಎಂ13 ಕೋಶಗಳನ್ನು ಕೊಲ್ಲುವುದಿಲ್ಲ, ಬೆಳವಣಿಗೆ ನಿಧಾನ ಮಾಡುತ್ತದೆ ಅಷ್ಟೇ. ಆದ್ದರಿಂದ ಅದರ ಪ್ಲಾಕ್ ಮಬ್ಬಾಗಿರುತ್ತದೆ. ಗಾಜಿನಂತೆ ತಿಳಿಯಾದ ಪ್ಲಾಕ್ ಕಂಡರೆ ಅದು ಟಿ1ರಂಥ ಬೇರೆ ಫೇಜ್. ಟಿ1 ಒಣಗಿದರೂ ಸಾಯುವುದಿಲ್ಲ, ಗಾಳಿಯಲ್ಲಿ ಹರಡುತ್ತದೆ. ಆ ಸ್ಟಾಕ್, ಆ ಮೀಡಿಯಂ ಎಲ್ಲವನ್ನೂ ಆಟೋಕ್ಲೇವ್ ಮಾಡಿ ಎಸೆಯಿರಿ.

ಮಬ್ಬಾಗಿಯೇ ಇದ್ದರೆ ಹತ್ತು ಪ್ಲಾಕ್ ಆರಿಸಿ, ಅಂಟಿಸಿದ ಜಾಗದ ಎರಡೂ ಬದಿಯ ಪ್ರೈಮರ್‌ಗಳಿಂದ ಪಿಸಿಆರ್ ಮಾಡಿ. ಹೊರೆ ಹೊತ್ತ ಫೇಜ್ ನಿಧಾನ ಬೆಳೆಯುತ್ತದೆ. ಆ ತುಂಡನ್ನು ಕಳೆದುಕೊಂಡ ಒಂದೇ ಒಂದು ಕಣ ಸಾಕು, ಕೆಲವು ಸುತ್ತುಗಳಲ್ಲಿ ಅದರ ಮಕ್ಕಳೇ ಕಲ್ಚರ್ ತುಂಬುತ್ತವೆ. ಜೆಲ್ ಮೇಲೆ ಗಿಡ್ಡ ಪಟ್ಟಿ ಬಂದರೆ ನೀವು ಎಣಿಸುತ್ತಿರುವುದು ನಿಮ್ಮ ಫೇಜನ್ನಲ್ಲ. ಮೊದಲ ಸಲ ಟ್ರಾನ್ಸ್‌ಫಾರ್ಮ್ ಮಾಡಿದ ಕಾಲನಿಯ ಗ್ಲಿಸರಾಲ್ ಸ್ಟಾಕ್ ತೆಗೆದು, ಅಲ್ಲಿಂದ ಮತ್ತೆ ಶುರುಮಾಡಿ.